ಮೂರನೆಯ ರಾಜನ ಕಾಣಿಕೆ

ವರ್ಷಕ್ಕೆ ಒಂದು ದಿನ, ಅದೂ ಮಧ್ಯಾಹ್ನದ ಊಟದವರೆಗೆ, ತಿಬುರ್ಸಿಯೋ ನಮ್ಮೂರಿಗೆ ರಾಜನಾಗಿದ್ದ. ಉಳಿದ ದಿನಗಳಲ್ಲಿ ಅವನೇನಾಗಿದ್ದ ಎಂದು ಕೇಳಿದರೆ ಸಾನ್ ಗಾಬಿನೋದ ಜನ ತಲೆ ಕೆರೆದುಕೊಳ್ಳುತ್ತಾರೆ. ಬಾಳೆಹೂವು ಮಾರುತ್ತಿದ್ದ ಅನ್ನುವವರು ಕೆಲವರು, ಕಾಡುಜೇನು ತರುತ್ತಿದ್ದ ಅನ್ನುವವರು ಕೆಲವರು. ಬೆಟ್ಟದವನು, ಕಪ್ಪು ಮೈಯವನು, ಗುಂಗುರು ಕೂದಲಿನವನು, ಅಷ್ಟೇ ಎಂದು ಕೈ ಕೊಡವುವವರೇ ಹೆಚ್ಚು. ನಾನು ಅವನನ್ನು ಹದಿನೇಳು ವರ್ಷ ಹತ್ತಿರದಿಂದ ಕಂಡವಳು. ಅವನ ಎದೆಯ ಸುತ್ತಳತೆ, ತೋಳಿನ ಉದ್ದ, ಕುತ್ತಿಗೆಯ ಅಳತೆ ಇವತ್ತಿಗೂ ನನಗೆ ಬಾಯಿಪಾಠ.

ನಾನು ದೆಲ್ಫ, ದರ್ಜಿ. ಇಗರ್ಜಿಯ ಹೊಲಿಗೆ ಕೆಲಸವೆಲ್ಲ ನನ್ನದೇ. ದೇವದೂತರ ರೆಕ್ಕೆ, ತಪಸ್ಸುಕಾಲದಲ್ಲಿ ಪ್ರತಿಮೆಗಳಿಗೆ ಹೊದಿಸುವ ನೇರಳೆ ಬಟ್ಟೆ, ಮೂವರು ರಾಜರ ನಿಲುವಂಗಿ, ಎಲ್ಲ. ಕೂಲಿ ತೆಗೆದುಕೊಳ್ಳುವುದಿಲ್ಲ. ದೇವರ ಕೆಲಸ ಎಂದು ಹೇಳಿಕೊಂಡು ತಿರುಗುತ್ತಿದ್ದೆ, ಅದರಲ್ಲಿ ಸ್ವಲ್ಪ ಜಂಬವೂ ಇತ್ತು.

ನಮ್ಮಲ್ಲಿ ಕ್ರಿಸ್ಮಸ್ಸು ಇಪ್ಪತ್ತೈದಕ್ಕೆ ಮುಗಿಯುವುದಿಲ್ಲ. ಮಕ್ಕಳಿಗೆ ಉಡುಗೊರೆ ಸಿಗುವುದು ಮೂವರು ರಾಜರ ಭಾನುವಾರ. ಆ ದಿನ ಸೇತುವೆಯ ಕಡೆಯಿಂದ ಮೂವರು ಕುದುರೆಯ ಮೇಲೆ ಬರುತ್ತಾರೆ. ಗೋದಲಿಯಲ್ಲಿ ಮಲಗಿರುವ ಬಾಲಯೇಸುವಿಗೆ ಚಿನ್ನ, ಧೂಪ, ರಕ್ತಬೋಳ ಅರ್ಪಿಸಿ, ಆಮೇಲೆ ವೇದಿಕೆ ಹತ್ತಿ ಮಕ್ಕಳಿಗೆ ಪೊಟ್ಟಣ ಹಂಚುತ್ತಾರೆ. ಗಾಸ್ಪಾರ್, ಮೆಲ್ಚೋರ್ ಆಗುವುದಕ್ಕೆ ಊರಿನ ದೊಡ್ಡವರಲ್ಲಿ ನೂಕುನುಗ್ಗಲು. ಒಂದು ವರ್ಷ ಔಷಧಿ ಅಂಗಡಿಯವನು, ಒಂದು ವರ್ಷ ಹೆಡ್‌ಮಾಸ್ತರು. ಒಮ್ಮೆ ಚುನಾವಣೆಯಲ್ಲಿ ಸೋತವನಿಗೆ ಸಮಾಧಾನಕ್ಕಿರಲಿ ಎಂದು ಕಿರೀಟ ಕೊಟ್ಟಿದ್ದೂ ಉಂಟು. ಮೂರನೆಯವನಾದ ಬಾಲ್ತಸಾರ್ ಆಗಲು ಮಾತ್ರ ಯಾರೂ ಮುಂದೆ ಬರುತ್ತಿರಲಿಲ್ಲ, ಯಾಕೆಂದರೆ ಅವನು ಕರಿಯ ರಾಜ. ಪಾತ್ರೆಯ ಮಸಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಮುಖಕ್ಕೆ ಬಳಿದುಕೊಳ್ಳಬೇಕು. ಬಿಸಿಲಿಗೆ ಅದು ಕರಗಿ ಕತ್ತಿನಿಂದ ಇಳಿದು ಮಖಮಲ್ಲಿನ ಕಾಲರಿಗೆ ಹತ್ತುತ್ತಿತ್ತು. ತೊಳೆಯುವವಳು ನಾನು.

ಜ್ವಾಲಾಮುಖಿ ಸಿಡಿದ ವರ್ಷ ಬೆಟ್ಟದ ಜನರೆಲ್ಲ ಬೂದಿ ಮೆತ್ತಿಕೊಂಡು ಕೆಳಗಿಳಿದು ಬಂದರು. ನದಿಯ ಆಚೆ ಟೆಂಟು ಹಾಕಿಕೊಟ್ಟರು. ಆ ಡಿಸೆಂಬರಿನಲ್ಲಿ ಹಬ್ಬದ ಸಮಿತಿ ಕೂತಾಗ ಬಾಲ್ತಸಾರ್ ಯಾರು ಎಂಬ ಮಾತು ಬಂತು. ನಾನು ಮೂಲೆಯಲ್ಲಿ ಕೂತು ಗುಂಡುಸೂಜಿ ಕಚ್ಚಿಕೊಂಡು ಅಂಚು ಮಡಿಸುತ್ತಿದ್ದೆ. ಸೂಜಿ ತೆಗೆದು ಹೇಳಿದೆ:

"ಮಸಿ ಯಾಕೆ ಬಳೀಬೇಕು? ನದಿ ಆಚೆ ರೆಡಿಮೇಡ್ ಇದಾರಲ್ಲ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಕ್ಕಿ ಗಿರಣಿಯ ಯಜಮಾನಿ ದೋನ್ಯಾ ಆಂಪಾರೋ, ಪೊಟ್ಟಣಗಳಿಗೆಲ್ಲ ದುಡ್ಡು ಹಾಕುವವರು ಅವರೇ, ದೆಲ್ಫಳ ತಲೆ ಅವಳ ಕತ್ತರಿಗಿಂತ ಚೂಪು ಎಂದರು. ವಾರವಿಡೀ ನನಗೆ ಕಾಲು ನೆಲಕ್ಕೆ ತಾಗಲಿಲ್ಲ. ಆ ತಮಾಷೆ ನನ್ನದು. ಇವತ್ತು ಬೇರೆಯವರ ತಲೆಗೆ ಕಟ್ಟೋಣವೆಂದರೆ ಆಗುವುದಿಲ್ಲ, ಕೇಳಿದವರು ಬಹಳ ಮಂದಿ ಇನ್ನೂ ಬದುಕಿದ್ದಾರೆ.

ಹೀಗೆ ತಿಬುರ್ಸಿಯೋ ಬಂದ. ಊರಿನವರ ಬಾಯಲ್ಲಿ ಬುರ್ಸ್ಯೋ. ನಲವತ್ತರ ಹತ್ತಿರದ ಗಿಡ್ಡ ಮನುಷ್ಯ, ನೆಟ್ಟಗೆ ನಿಲ್ಲುತ್ತಿದ್ದ, ಮಾತು ಕಡಿಮೆ. ಪೂಜೆಗೆ ಬಂದರೆ ಕೊನೆಯ ಬೆಂಚಿನ ಹಿಂದೆ ನಿಂತೇ ಇರುತ್ತಿದ್ದ. ಅಳತೆ ತೆಗೆಯುವಾಗ ಬಗಲಿನಲ್ಲಿ ಟೇಪು ಸುತ್ತಿದರೆ ಕಚಗುಳಿಯಾಗಿ ನಗುತ್ತಿದ್ದ, ಆಮೇಲೆ ಕ್ಷಮಿಸಿ ಅನ್ನುತ್ತಿದ್ದ. ನಿಲುವಂಗಿ ಹಾಕಿ ನೋಡಿಯಾದ ಮೇಲೆ ಅವನ ಕೈಗೆ ರಾಜನ ಪೆಟ್ಟಿಗೆ ಕೊಟ್ಟೆ. ಪೆಟ್ಟಿಗೆಯೆಂದರೆ ಬಿಸ್ಕತ್ತಿನ ಡಬ್ಬಿಗೆ ಜರಿ ಕಾಗದ ಅಂಟಿಸಿದ್ದು. ಅವನು ಅಲ್ಲಾಡಿಸಿ ನೋಡಿದ.

"ಇದರಲ್ಲಿ ಏನೂ ಇಲ್ವಲ್ಲ ಮಾನಾಂಗ್," ಎಂದ. ಮಾನಾಂಗ್ ಅಂದರೆ ನಮ್ಮ ಕಡೆ ಅಕ್ಕ, ಚಿಕ್ಕವಳಾದರೂ ಮರ್ಯಾದೆಗೆ ಹಾಗೆ ಕರೆಯುತ್ತಾರೆ.

ಇದು ಆಟ, ಜನಕ್ಕೆ ಒಳಗೇನಿದೆ ಕಾಣುವುದಿಲ್ಲ ಎಂದೆ.

"ಜನಕ್ಕಲ್ವಲ್ಲ ಕೊಡೋದು, ಕೂಸಿಗೆ. ಹೊಸಾ ಕೂಸು ನೋಡೋಕೆ ಬರಿ ಡಬ್ಬಿ ಹಿಡ್ಕೊಂಡು ಹೋಗ್ತಾರಾ?"

ಆಚೆ ತಿರುಗು, ಬೆನ್ನು ಅಳೆಯಬೇಕು ಎಂದೆ. ಅವನು ನನ್ನನ್ನು ಬಿಟ್ಟು ಫಾದರ್ ಸಿಲ್ವೆರಿಯೋ ಹತ್ತಿರ ಹೋಗಿ, ಆ ಮೂರನೆಯ ರಾಜ ಕೊಟ್ಟಿದ್ದು ಏನು ಎಂದು ಕೇಳಿದ. ಇಷ್ಟು ವರ್ಷದಲ್ಲಿ ಕಿರೀಟ ಹಾಕಿಕೊಂಡ ಯಾವ ಗಂಡಸೂ ಆ ಪ್ರಶ್ನೆ ಕೇಳಿರಲಿಲ್ಲ. ಫಾದರ್‌ಗೆ ಖುಷಿಯಾಗಿ ಕೂರಿಸಿಕೊಂಡು ಹೇಳಿದರಂತೆ. ಚಿನ್ನ ಅರಸನಿಗೆ, ಧೂಪ ದೇವರಿಗೆ, ರಕ್ತಬೋಳ ಹೆಣಕ್ಕೆ. ಅದು ಒಂದು ಮರದ ಅಂಟು, ಸತ್ತವರ ಮೈಗೆ ಹಚ್ಚಿ ಹೂಳುತ್ತಿದ್ದರು. ಹುಟ್ಟಿದ ಕೂಸಿಗೆ ಎಲ್ಲರೂ ಅಂಗಿ ಟೊಪ್ಪಿಗೆ ಕೊಟ್ಟರೆ ಆ ರಾಜ ಸಾವಿನ ಸಾಮಾನು ತಂದ, ಏಕೆಂದರೆ ಈ ಕೂಸು ಬಂದಿರುವುದು ಏತಕ್ಕೆ ಎಂದು ಅವನಿಗೆ ತಿಳಿದಿತ್ತು. 

ಎರಡನೆಯ ಸಲ ಅಳತೆಗೆ ಬಂದಾಗ ತನ್ನ ಕಥೆ ನನಗೆ ಹೇಳಿದ. ಅವನಿಗೆ ಇಸ್ಯಾಂಗ್ ಎಂಬ ಮಗಳಿದ್ದಳು, ನಾಲ್ಕು ವರ್ಷದವಳು. ಆಗಸ್ಟಿನಲ್ಲಿ ಟೆಂಟಿನಲ್ಲೇ ದಡಾರಕ್ಕೆ ಹೋದಳು. ಅದೇ ವಾರ ಅದೇ ಸಾಲಿನಲ್ಲಿ ಇನ್ನೂ ಐದು ಮಕ್ಕಳು ಹೋಗಿದ್ದರಿಂದ ಎಲ್ಲರನ್ನೂ ಅವಸರದಲ್ಲಿ ಒಂದೇ ಕಡೆ ಹೂತರು. ಇಸ್ಯಾಂಗಳನ್ನು ಸುತ್ತಿದ್ದು ಪರಿಹಾರದ ಅಕ್ಕಿ ಬಂದ ಚೀಲದಲ್ಲಿ. ಬೆಟ್ಟದ ಮೇಲಾಗಿದ್ದರೆ ಪಕ್ಕದಲ್ಲಿ ರಾಳ ಹಚ್ಚಿ, ಕೈಯಲ್ಲಿ ಒಂದು ತುಂಡು ಇಟ್ಟು ಕಳಿಸುತ್ತಿದ್ದ. ಹತ್ತಿರದ ಮರಗಳೆಲ್ಲ ಬೂದಿಯಲ್ಲಿ ಹೋಗಿದ್ದವು. ಬರಿಗೈಯಲ್ಲಿ ಕಳಿಸಿಬಿಟ್ಟೆ ಎಂದು ಹೇಳಿ ಟೇಪಿನ ತುದಿಯನ್ನೇ ನೋಡುತ್ತ ನಿಂತ. ಈಗ ಅವನ ಲೆಕ್ಕ ಇಷ್ಟೇ. ರಾಳವನ್ನು ಬಾಲಯೇಸುವಿಗೆ ಕೊಟ್ಟರೆ, ಆ ಕೂಸು ಇಸ್ಯಾಂಗ್ ಇರುವ ಕಡೆಯಲ್ಲೇ ಇರುವುದರಿಂದ, ಅವಳಿಗೆ ದಾಟಿಸುತ್ತದೆ.

"ಮಕ್ಕಳು ಮಕ್ಕಳಿಗೆ ಕೊಟ್ಬಿಡ್ತವೆ ಮಾನಾಂಗ್. ದೊಡ್ಡೋರ ಥರ ಇಟ್ಕೊಳಲ್ಲ," ಎಂದ.

ಇದು ನಮ್ಮ ಧರ್ಮೋಪದೇಶದ ಪುಸ್ತಕದಲ್ಲಿ ಇಲ್ಲದ ಮಾತು. ಫಾದರ್‌ಗೆ ಹೋಗಿ ಹೇಳಿದೆ, ತಿದ್ದಲಿ ಎಂದು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ತಪ್ಪು ಅನ್ನುವುದಕ್ಕೆ ತಮಗೆ ಧೈರ್ಯವಿಲ್ಲ ಎಂದರು.

ಅಂದಿನಿಂದ ಪ್ರತಿ ವರ್ಷ ಹಬ್ಬಕ್ಕೆ ಮುಂಚೆ ಬುರ್ಸ್ಯೋ ಎರಡು ದಿನ ನಡೆದು, ಬೂದಿ ಮುಟ್ಟದೆ ಉಳಿದಿದ್ದ ಮೇಲಿನ ಕಾಡಿಗೆ ಹೋಗಿ ರಾಳ ಕೆತ್ತಿ ತರುತ್ತಿದ್ದ. ಬಾಳೆ ಎಲೆಯಲ್ಲಿ ಸುತ್ತಿ ಡಬ್ಬಿಯೊಳಗೆ ಇಟ್ಟುಕೊಂಡು ಕುದುರೆ ಹತ್ತುತ್ತಿದ್ದ. ಕುದುರೆಯೆಂದರೆ ಗಾಡಿಗೆ ಕಟ್ಟುವ ಮುದಿ ಕುದುರೆ, ಅದಕ್ಕೂ ಜರಿ ಬಟ್ಟೆ. ಗೋದಲಿಯ ಮುಂದೆ ಉಳಿದಿಬ್ಬರು ಕ್ಯಾಮೆರಾ ಕಡೆಗೆ ತಿರುಗಿ ಬಗ್ಗುತ್ತಿದ್ದರು. ಇವನು ಹುಲ್ಲಿನ ಮೇಲೆ ಮಂಡಿಯೂರಿ, ಡಬ್ಬಿಯನ್ನು ಕೂಸಿನ ಕೈಗೆ ತಾಗುವಷ್ಟು ಹತ್ತಿರ ಸರಿಸಿ, ಏನೋ ಗುನುಗಿ ಏಳುತ್ತಿದ್ದ. ಎದ್ದಾಗ ಅವನ ಮುಖ ನೋಡಬೇಕಿತ್ತು. ಹೊರೆ ಇಳಿಸಿದವನ ಮುಖ.

ಆಮೇಲೆ ನಡೆಯುತ್ತಿದ್ದುದನ್ನೂ ಹೇಳಿಬಿಡುತ್ತೇನೆ. ಕಾರ್ಯಕ್ರಮ ಮುಗಿದ ಮೇಲೆ ಕಿರೀಟ, ನಿಲುವಂಗಿ, ಡಬ್ಬಿ ಎಲ್ಲ ಒಟ್ಟುಮಾಡಿ ಪೆಟಾರಿಗೆ ತುಂಬುವುದು ನನ್ನ ಕೆಲಸ. ರಾಳಕ್ಕೆ ಇರುವೆ ಹತ್ತುತ್ತದೆ, ಮಖಮಲ್ಲಿಗೆ ಅಂಟಿದರೆ ಬಿಡುವುದಿಲ್ಲ. ಅಡುಗೆಮನೆಯ ಹಿಂದಿನ ಕಸದ ಗುಂಡಿಗೆ ಡಬ್ಬಿ ಬೋರಲು ಹಾಕಿ ತಟ್ಟಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಇಡುತ್ತಿದ್ದೆ. ಹದಿನಾರು ವರ್ಷ, ಹದಿನಾರು ಸಲ. ಅವನ ಮಗಳ ಕಥೆ ಗೊತ್ತಿದ್ದವಳೇ ನಾನು. ಆದರೂ ತಟ್ಟುವಾಗ ಒಮ್ಮೆಯೂ ಕೈ ತಡೆಯಲಿಲ್ಲ, ಏಕೆಂದರೆ ನನ್ನ ಮನಸ್ಸಿನಲ್ಲಿದ್ದುದು ಮಖಮಲ್ಲು.

ಉಡುಗೊರೆ ಹಂಚುವಾಗಲೂ ಅಷ್ಟೆ. ಪೊಟ್ಟಣಗಳ ಮೇಲೆ ಹೆಸರು ಬರೆದಿರುತ್ತಿತ್ತು. ಬುರ್ಸ್ಯೋಗೆ ಓದು ಬಾರದು, ಹಿಂದೆ ನಿಂತ ಹೆಂಗಸರು ಪಿಸುಗುಟ್ಟಬೇಕು. ಮೊದಲು ದುಡ್ಡು ಹಾಕಿದವರ ಮಕ್ಕಳು, ಆಮೇಲೆ ಶಾಲೆಯ ಮಕ್ಕಳು. ಅವನ ಪೈಕಿಯ ಮಕ್ಕಳು ಹಗ್ಗದ ಆಚೆ ನಿಂತು, ಕಿರೀಟ ಹಾಕಿಕೊಂಡ ತಮ್ಮ ಮಾವನನ್ನು ಬಾಯಿ ಬಿಟ್ಟು ನೋಡುತ್ತಿದ್ದವು. ಎಲ್ಲ ಮುಗಿದ ಮೇಲೆ ಅವಕ್ಕೆ ಬ್ರೆಡ್ಡಿನ ಚೀಲ. ಗಾಸ್ಪಾರ್, ಮೆಲ್ಚೋರ್ ಮಹಡಿಯಲ್ಲಿ ಫಾದರ್ ಜೊತೆ ಹಂದಿ ಹುರಿದದ್ದು ತಿನ್ನುತ್ತಿದ್ದರೆ, ಬಾಲ್ತಸಾರ್ ಬನಿಯನ್ನಿನಲ್ಲಿ ಅಡುಗೆಮನೆಯ ಹಿಂದೆ ಕೂತು ಉಣ್ಣುತ್ತಿದ್ದ. ಅವನ ಕೈಯಿಂದ ಊರಿಗೆಲ್ಲ ಉಡುಗೊರೆ ಕೊಡಿಸಿದೆವು. ಅವನದೇ ಆದ ಒಂದು ಕೊಡುಗೆಯನ್ನು ನಮ್ಮಲ್ಲಿ ಯಾರೂ ಕೈಚಾಚಿ ತೆಗೆದುಕೊಂಡವರಲ್ಲ.

ಹದಿನೇಳನೆಯ ವರ್ಷಕ್ಕೆ ಬರುತ್ತೇನೆ. ಡಿಸೆಂಬರ್ ಬಂತೆಂದರೆ ಬೆಟ್ಟದ ಜನ ಸಮುದ್ರದ ಕಡೆಯ ದೊಡ್ಡ ನಗರಕ್ಕೆ ಪಮಸ್ಕೊ ಕೇಳಲು ಹೋಗುತ್ತಾರೆ. ಹಬ್ಬದ ಪಾಲು ಕೇಳುವುದು, ಅಷ್ಟೇ. ಡಬ್ಬಿ ಬಡಿದು ಹಾಡು ಹೇಳಿ ಕೈ ಚಾಚಿದರೆ ಚಿಲ್ಲರೆಯೋ ಹಳೆ ಬಟ್ಟೆಯೋ ತಿಂಡಿಯೋ ಸಿಗುತ್ತದೆ. ನಮ್ಮ ಮಕ್ಕಳೂ ಅದೇ ತಿಂಗಳು ಮನೆಮನೆಗೆ ಹೋಗಿ ಹಾಡಿ ಕೈ ಚಾಚುತ್ತವೆ, ಜ್ಞಾನಸ್ನಾನದ ದಿನ ಎತ್ತಿಕೊಂಡ ಜ್ಞಾನಪಿತ ಜ್ಞಾನಮಾತೆಯರ ಬಾಗಿಲು ಬಡಿದು ಎಲ್ಲಿ ನಮ್ಮ ಪಮಸ್ಕೊ ಎಂದು ದಬಾಯಿಸುತ್ತವೆ. ಅವು ಕೇಳಿದರೆ ಸಂಪ್ರದಾಯ, ಇವರು ಕೇಳಿದರೆ ಭಿಕ್ಷೆ. ಆ ವರ್ಷ ನಗರದವರು ರಸ್ತೆಯಲ್ಲಿ ಸಿಕ್ಕ ಬೆಟ್ಟದವರನ್ನೆಲ್ಲ ಹಿಡಿದು ಲಾರಿಗೆ ತುಂಬಿದರು. ಬುರ್ಸ್ಯೋ ಮತ್ತು ಅವನ ಹೆಂಡತಿ ಸೆನ್ಯಾಂಗ್ ಅದರಲ್ಲಿದ್ದರು.

ಇಪ್ಪತ್ಮೂರನೆಯ ತಾರೀಕು ಮಧ್ಯಾಹ್ನ ನಾವು ಹತ್ತಿಪ್ಪತ್ತು ಜನ ಇಗರ್ಜಿಯ ಮುಂದೆ ನಕ್ಷತ್ರದ ಗೂಡುದೀಪ ಕಟ್ಟುತ್ತಿದ್ದೆವು. ಲಾರಿ ಬಂದು ಮೈದಾನದಲ್ಲಿ ನಿಂತಿತು. ಸರಿಯಾಗಿ ಅದರ ತಲೆಯ ಮೇಲೆ ನಮ್ಮ ಫ್ಲೆಕ್ಸು: ಮೂವರು ರಾಜರ ಹಬ್ಬಕ್ಕೆ ಸ್ವಾಗತ, ಕೆಳಗೆ ಹಿಂದಿನ ವರ್ಷದ ಫೋಟೊ, ಕುದುರೆಯ ಮೇಲೆ ಕಿರೀಟ ಹಾಕಿಕೊಂಡ ಬುರ್ಸ್ಯೋ. ಲಾರಿಯಲ್ಲಿ ಇಪ್ಪತ್ತು ಜನರ ನಡುವೆ ಹರಕು ಟೀ ಷರ್ಟಿನಲ್ಲಿ ಅದೇ ಬುರ್ಸ್ಯೋ. ಜೊತೆಗೆ ಬಂದ ಚಿಕ್ಕ ವಯಸ್ಸಿನ ಹೆಂಗಸು, ಸಮಾಜ ಕಲ್ಯಾಣದವಳು, ಒರಟಾಗೇನೂ ಇರಲಿಲ್ಲ. ಇವರು ಈ ಊರಿನವರು ಎನ್ನುತ್ತಾರೆ, ಗೊತ್ತಿರುವವರು ಯಾರಾದರೂ ರುಜು ಹಾಕಿದರೆ ಇಲ್ಲೇ ಇಳಿಸುತ್ತೇನೆ, ಇಲ್ಲದಿದ್ದರೆ ಹಬ್ಬ ಕಳೆಯುವವರೆಗೆ ಜಿಲ್ಲಾ ಕೇಂದ್ರದ ಆಶ್ರಯಧಾಮದಲ್ಲಿ ಇಡಬೇಕಾಗುತ್ತದೆ ಎಂದಳು. ಗಂಡಸರು ಬೇರೆ, ಹೆಂಗಸರು ಬೇರೆ.

ಫಾದರ್ ದೂರದ ಹಳ್ಳಿಗೆ ಪೂಜೆಗೆ ಹೋಗಿದ್ದರು. ಒಂದು ಸಣ್ಣ ಹುಡುಗಿ ಲಾರಿ ನೋಡಿ, "ಅಮ್ಮಾ, ಬಾಲ್ತಸಾರ್ ಅಲ್ಲಿದಾನೆ," ಎಂದು ಓಡಿದಳು, ನಮ್ಮಲ್ಲಿ ಹಿರಿಯರಿಗೆ ಮಾಡುವ ಹಾಗೆ ಅವನ ಕೈಯನ್ನು ಹಣೆಗೆ ಒತ್ತಿಕೊಳ್ಳಲು. ತಾಯಿ ತೋಳು ಹಿಡಿದು ಎಳೆದುಕೊಂಡಳು. ದೋನ್ಯಾ ಆಂಪಾರೋ ನನ್ನ ಮೊಣಕೈ ಅದುಮಿದರು. ಅದುಮಿದ್ದೇ ಸಾಕಾಗಿತ್ತು. ಅವರ ಮೂವರು ಸೊಸೆಯರ ಬಟ್ಟೆ ಹೊಲಿಯುವುದು ನಾನೇ. ನನ್ನ ಕೈಯಲ್ಲಿ ಒಂದು ಕಾಗದದ ನಕ್ಷತ್ರ ಇತ್ತು, ಅದರ ಬಾಲ ಸರಿಮಾಡುತ್ತ ನಿಂತೆ. ಕಲ್ಯಾಣದವಳು ಎರಡು ಸಲ ಕೇಳಿದಳು. ಯಾರೂ ರುಜು ಹಾಕಲಿಲ್ಲ. ಬುರ್ಸ್ಯೋ ನನ್ನನ್ನು ನೋಡಿದ, ನಾನು ನೋಡಿದ್ದನ್ನೂ ನೋಡಿದ. ಮಾನಾಂಗ್ ಎಂದು ಒಂದು ಸಲ ಕೂಗಿದ್ದರೆ ನಾನು ಹೌದು ಎನ್ನಬೇಕಾಗುತ್ತಿತ್ತು, ಅಥವಾ ಎಲ್ಲರೆದುರು ಸುಳ್ಳು ಹೇಳಬೇಕಾಗುತ್ತಿತ್ತು. ಅವನು ಕೂಗಲಿಲ್ಲ. ನನಗೆ ಅಷ್ಟು ಉಪಕಾರ ಮಾಡಿದ. ಯೇಸುವನ್ನು ತನಗೆ ಗೊತ್ತೇ ಇಲ್ಲ ಎಂದ ಪೇತ್ರನಿಗೆ ಕೋಳಿಯಾದರೂ ಕೂಗಿತು. ನನಗೆ ಲಾರಿಯ ಇಂಜಿನ್ ಮಾತ್ರ ಕೇಳಿಸಿತು.

ಕ್ರಿಸ್ಮಸ್ಸು ಕಳೆದು ಮೂರು ದಿನಕ್ಕೆ ಅವರನ್ನೆಲ್ಲ ನದಿಯ ದಡದಲ್ಲಿ ತಂದು ಇಳಿಸಿದರಂತೆ. ಅಷ್ಟರಲ್ಲಿ ಸಮಿತಿ ಕೂತಿತ್ತು. ಆ ಸಲ ಮೂವರು ರಾಜರ ಹಬ್ಬಕ್ಕೆ ನಮ್ಮ ಬಿಷಪ್, ಧರ್ಮಾಧ್ಯಕ್ಷರು, ಬರುವವರಿದ್ದರು. ದೋನ್ಯಾ ಆಂಪಾರೋ ಮೆತ್ತಗೆ ಕೇಳಿದರು: "ಭಿಕ್ಷೆ ಬೇಡಿ ಸಿಕ್ಕಿಬಿದ್ದೋನ್ನ ಕಿರೀಟ ಹಾಕಿ ಧರ್ಮಾಧ್ಯಕ್ಷರ ಮುಂದೆ ನಿಲ್ಸೋದಾ? ಊರಿನ ಮುಖಕ್ಕೆ ಮಸಿ ಬಳಿದ ಹಾಗಾಗಲ್ವಾ?" ಫಾದರ್ ಸಿಲ್ವೆರಿಯೋ ಪಾಪ, ಅದು ಹಾಗಲ್ಲ ಎಂದು ಶುರುಮಾಡಿದರು, ಇಗರ್ಜಿಯ ಹೊಸ ಚಾವಣಿಗೆ ಯಾರ ದುಡ್ಡು ಎಂಬುದು ನೆನಪಾಗಿ ನಿಲ್ಲಿಸಿದರು. ದೋನ್ಯಾರ ಸೋದರಳಿಯ, ಹಲ್ಲಿನ ಡಾಕ್ಟರು ರಾಮಿಲ್, ಬಾಲ್ತಸಾರ್ ಎಂದು ತೀರ್ಮಾನವಾಯಿತು. ಆತ ಉದ್ದ ಆಳು. ನಾನು ನಿಲುವಂಗಿಯ ಅಂಚು ಬಿಚ್ಚಿ ಇಳಿಸಿದೆ. ಬುರ್ಸ್ಯೋಗೆ ಸುದ್ದಿ ತಿಳಿಸುವುದನ್ನು ನನಗೆ ವಹಿಸಿದ್ದರು. ಇವತ್ತು ನಾಳೆ ಎಂದು ದಿನ ದೂಡಿದೆ.

ಆ ಭಾನುವಾರ ಬೆಳಗ್ಗೆ ಅವನು ಎಂದಿನಂತೆ ಬಂದ. ಸ್ನಾನ ಮಾಡಿ, ಕೂದಲು ಇನ್ನೂ ಒದ್ದೆ, ಕೈಯಲ್ಲಿ ಬಾಳೆ ಎಲೆಯ ಪೊಟ್ಟಣ. ಒಳಗೆ ಕನ್ನಡಿಯ ಮುಂದೆ ಡಾಕ್ಟರು ಅರ್ಧ ಮುಖಕ್ಕೆ ಮಸಿ ಬಳಿದುಕೊಂಡು ನಿಂತಿದ್ದ, ಬುರ್ಸ್ಯೋನ ನಿಲುವಂಗಿಯಲ್ಲಿ. ನಾನು ಬಾಗಿಲಿಗೆ ಅಡ್ಡ ನಿಂತು, ಈ ವರ್ಷ ಬೇರೆಯವರು ಎಂದೆ. ಅವನು ಯಾಕೆ ಎಂದು ಕೇಳಲಿಲ್ಲ. ತಪ್ಪು ಮಾಡಿದವಳಿಗೆ ಎದುರಿನವನ ಮೌನವೂ ಬೈಗುಳದಂತೆ ಕೇಳಿಸುತ್ತದೆ, ನಾನೇ ಅವನ ಮೇಲೆ ರೇಗಿದೆ.

"ಬೇಡೋಕೆ ಯಾಕೆ ಹೋದೆ ನೀನು? ಸುಮ್ನೆ ಮನೇಲಿದ್ದಿದ್ರೆ ಇದೆಲ್ಲ ಆಗ್ತಿರಲಿಲ್ಲ."

"ಗೋದಲೀಲಿ ಕೂಸೂ ಕೈ ಚಾಚ್ಕೊಂಡೇ ಮಲಗೈತೆ ಮಾನಾಂಗ್," ಎಂದ ಅವನು. "ಅದನ್ನ ಯಾರೂ ಲಾರಿ ಹತ್ಸಲ್ಲ."

ಸಿಟ್ಟಿನಿಂದ ಹೇಳಲಿಲ್ಲ. ನೋಡಿದ್ದನ್ನು ನೋಡಿದ ಹಾಗೆ ಹೇಳಿದ. ಆಮೇಲೆ ಡಾಕ್ಟರ ಕಡೆ ತಿರುಗಿ, ಇದನ್ನು ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದ. ಡಾಕ್ಟರು ಕನ್ನಡಿಯಲ್ಲೇ ನೋಡಿ, ಅಂಟು ಕೈಗೆ ಹತ್ತುತ್ತದೆ, ಬೇಡ ಎಂದ. ಹಾಗಾದರೆ ನಾನೇ ಒಳಗೆ ಹೋಗಿ ಇಟ್ಟು ಬರುತ್ತೇನೆ ಎಂದು ಬುರ್ಸ್ಯೋ ಹೊರಟ. ಧರ್ಮಾಧ್ಯಕ್ಷರಿಗಾಗಿ ನಡುದಾರಿಗೆ ಹಗ್ಗ ಕಟ್ಟಿದ್ದರು. ಬಿಲ್ಲೆ ಹಾಕಿಕೊಂಡ ಸ್ವಯಂಸೇವಕರು ಅವನನ್ನು ತಡೆದು, ಹಂಚುವುದು ಆಮೇಲೆ, ಹೋಗಿ ಸಾಲಿನಲ್ಲಿ ನಿಲ್ಲು ಎಂದರು. ಅವನು ಹೋಗಿ ನಿಂತ.

ಧರ್ಮಾಧ್ಯಕ್ಷರು ಒಳ್ಳೆಯ ಉಪದೇಶ ಕೊಟ್ಟರು. ಉಡುಗೊರೆ ಎಂದರೆ ವಿನಿಮಯವಲ್ಲ, ಯೋಗ್ಯತೆ ನೋಡಿ ಕೊಡುವುದಲ್ಲ, ದೇವರು ತನ್ನನ್ನೇ ಕೊಟ್ಟುಕೊಂಡ, ಅದರ ನೆನಪಿಗೆ ನಾವು ಕೊಡುತ್ತೇವೆ ಎಂದರು. ಎಲ್ಲರೂ ತಲೆದೂಗಿದೆವು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಅವರು ಹೇಳದೆ ಬಿಟ್ಟ ಒಂದು ಮಾತು ಈಗ ನನ್ನ ತಲೆಯಲ್ಲಿ ಕೊರೆಯುತ್ತದೆ. ದೇವರು ಕೊಡುವವನಾಗಿ ಮಾತ್ರ ಬರಲಿಲ್ಲ, ತೆಗೆದುಕೊಳ್ಳುವವನಾಗಿಯೂ ಬಂದ. ಯಾರೋ ಕೊಟ್ಟ ಕೊಟ್ಟಿಗೆ, ಯಾರೋ ಕೊಟ್ಟ ಬಟ್ಟೆ, ಗುರುತಿಲ್ಲದ ಪರದೇಶಿಗಳು ತಂದ ಅಂಟು, ಯಾವುದಕ್ಕೂ ಬೇಡ ಎನ್ನಲಿಲ್ಲ. ಕೊಡುವುದು ನಮಗೂ ಬರುತ್ತದೆ, ಕೊಟ್ಟರೆ ಎತ್ತರದಲ್ಲಿ ನಿಲ್ಲಬಹುದು. ಕೀಳೆಂದುಕೊಂಡವನ ಕೈಯಿಂದ ತೆಗೆದುಕೊಳ್ಳುವುದು ನಮ್ಮಿಂದ ಆಗುವುದಿಲ್ಲ.

ಬೆಟ್ಟದವರ ಸಾಲು ಕೊನೆಗೆ ಬಂತು. ಬುರ್ಸ್ಯೋನ ಸರದಿ ಬಂದಾಗ ಮಸಿಯ ರಾಜ ಅವನಿಗೆ ಒಂದು ಚೀಲ ಕೊಟ್ಟ: ಶಾವಿಗೆ, ಮೀನಿನ ಡಬ್ಬಿ, ಯಾರದೋ ಹೆಸರು ಅಚ್ಚಾದ ಟವೆಲು. ಬುರ್ಸ್ಯೋ ಚೀಲವನ್ನು ತೋಳಿಗೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಎಲೆಯ ಪೊಟ್ಟಣ ಮುಂದೆ ಹಿಡಿದ.

"ನೀವು ಒಳಗೆ ಹೋಗ್ತೀರಲ್ಲ ಡಾಕ್ಟ್ರೇ, ಇದನ್ನ ಕೂಸಿಗೆ ಕೊಟ್ಬಿಡಿ."

ಡಾಕ್ಟರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಕೊಡುವ ಸಾಲಿನಲ್ಲಿ ನಿಂತವನಿಗೆ ತೆಗೆದುಕೊಂಡು ಅಭ್ಯಾಸವಿಲ್ಲ. ನಕ್ಕು, ಎರಡು ಬೆರಳಿನಲ್ಲಿ ಹಿಡಿದು ಹಿಂದಕ್ಕೆ ದಾಟಿಸಿದ. ದೋನ್ಯಾ ಆಂಪಾರೋ ಅದನ್ನು ನನ್ನ ಕೈಗೆ ಹಾಕಿ, ಎಲ್ಲಾದರೂ ಇಡು, ಇರುವೆ ಇದ್ದೀತು ಎಂದರು. ಪೊಟ್ಟಣ ನನ್ನ ಕೈ ಸೇರಿದ್ದನ್ನು ಬುರ್ಸ್ಯೋ ನೋಡಿದ. ಅವನ ಮುಖ ಸಡಿಲವಾಯಿತು. ನನ್ನತ್ತ ಹುಬ್ಬು ಎತ್ತಿದ, ನಮ್ಮಲ್ಲಿ ಸರಿ ಎನ್ನುವುದಕ್ಕೆ ಹಾಗೆ ಮಾಡುತ್ತೇವೆ. ಮಾನಾಂಗ್ ಕೈಗೆ ಬಂತಲ್ಲ, ಇನ್ನು ಚಿಂತೆಯಿಲ್ಲ ಎಂದುಕೊಂಡಿರಬೇಕು.

ಗೋದಲಿ ಅಲ್ಲಿಂದ ಹತ್ತು ಹೆಜ್ಜೆ. ಅಷ್ಟರಲ್ಲಿ ಧರ್ಮಾಧ್ಯಕ್ಷರ ಜೊತೆ ಫೋಟೊ, ಸಮಿತಿಯವರೆಲ್ಲ ಬನ್ನಿ ಎಂದರು. ಪೊಟ್ಟಣವನ್ನು ಮೇಜಿನ ಕೆಳಗೆ ಸೋಡಾ ಕ್ರೇಟುಗಳ ಪಕ್ಕ ಇಟ್ಟು ಓಡಿದೆ, ಬಂದು ಇಡೋಣವೆಂದು. ಫೋಟೊ, ಆಮೇಲೆ ಊಟ, ಆಮೇಲೆ ನಿಲುವಂಗಿಯ ಮಸಿ. ನೆನಪಾಗಿ ಬರುವ ಹೊತ್ತಿಗೆ ಕಸ ಗುಡಿಸುವವರು ಕಾಗದದ ತಟ್ಟೆಗಳ ಜೊತೆ ಎಲ್ಲವನ್ನೂ ಬಾಚಿ ಹಿತ್ತಲಲ್ಲಿ ಬೆಂಕಿ ಇಟ್ಟಾಗಿತ್ತು. ಕಸದ ರಾಶಿಯಿಂದ ಘಮ್ಮೆಂದು ವಾಸನೆ ಎದ್ದಿತ್ತು. ಹೊರಡಲಿದ್ದ ಜನ ನಿಂತು ಮೂಸಿ, ಒಳಗೆ ಧೂಪ ಹಾಕಿದ್ದಾರೇನೋ ಎಂದು ಮಾತಾಡಿಕೊಂಡರು. ಹೊಗೆ ಮೇಲಕ್ಕೆ ಹೋಯಿತಲ್ಲ, ಹೇಗೋ ದೇವರಿಗೆ ಮುಟ್ಟಿತು ಎಂದು ನಾನೂ ಸಮಾಧಾನ ಹುಡುಕಿದೆ. ಸಮಾಧಾನ ಸಿಗಲಿಲ್ಲ. ಅವನು ನನ್ನ ಕೈಗೆ ಕೊಟ್ಟಿದ್ದ, ಬೆಂಕಿಗಲ್ಲ.

ಬುರ್ಸ್ಯೋ ತೀರಿಕೊಂಡಿದ್ದು ಆ ವರ್ಷದ ಮಳೆಗಾಲದಲ್ಲಿ, ನ್ಯುಮೋನಿಯಾ. ಹೂತು ಎರಡು ವಾರವಾದ ಮೇಲೆ ನನಗೆ ಸುದ್ದಿ ಬಂತು. ಅದಕ್ಕೆ ಮೊದಲು, ಜನವರಿ ಮುಗಿಯುವುದರೊಳಗೆ, ಒಂದು ಸಲ ನಾನು ನದಿ ದಾಟಿ ಅವನ ಮನೆಗೆ ಹೋಗಿದ್ದೆ. ಹದಿನೇಳು ವರ್ಷದಲ್ಲಿ ಅದೇ ಮೊದಲು. ಅವನ ಅಳತೆಗೆ ಹೊಲಿದ ಒಂದು ಬಿಳಿ ಅಂಗಿ ತೆಗೆದುಕೊಂಡು ಹೋಗಿದ್ದೆ. ನಡೆದದ್ದನ್ನೆಲ್ಲ ಹೇಳಿ, ಈ ವರ್ಷದ್ದು ಮಾತ್ರವಲ್ಲ ಹದಿನಾರು ವರ್ಷದ್ದೂ ಹೇಳಿ, ಬೈಯಿಸಿಕೊಂಡು ಬರಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

ಸೆನ್ಯಾಂಗ್ ಒಲೆಯ ಮುಂದೆ ಸಿಹಿಗೆಣಸು ಸುಡುತ್ತಿದ್ದಳು. ಬುರ್ಸ್ಯೋ ಅಂಗಿಯನ್ನು ಎದೆಗೆ ಹಿಡಿದು ನೋಡಿ, ನೋಡೇ, ಮನೆ ಬಾಗಿಲಿಗೇ ಪಮಸ್ಕೊ ಬಂತು, ಲಾರಿ ಭಯವಿಲ್ಲ ಎಂದು ಹೆಂಡತಿಗೆ ತಮಾಷೆ ಮಾಡಿದ. ನನಗೆ ಕೂರಲು ಮಣೆ ಕೊಟ್ಟ. ನಾನು ಬಾಯಿ ತೆರೆಯುವ ಮುಂಚೆ ಅವನೇ ಕೇಳಿದ.

"ತಲುಪ್ತಾ ಮಾನಾಂಗ್?"

ಸೆನ್ಯಾಂಗ್ ಬೆಂಕಿ ಊದುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು. ಇಬ್ಬರ ಮುಖ ನೋಡಿದೆ. ಇಲ್ಲ ಎಂದರೆ ಆ ಕ್ಷಣ ಅಕ್ಕಿ ಚೀಲದಲ್ಲಿ ಸುತ್ತಿದ ಮಗು ಮತ್ತೆ ಬರಿಗೈಯಾಗುತ್ತಿತ್ತು. ಅವರಿಗಾಗಿ ಸುಳ್ಳು ಹೇಳಿದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜ ಏನೆಂದರೆ ನನಗೆ ಹೆದರಿಕೆಯಾಯಿತು.

"ತಲುಪ್ತು," ಎಂದೆ.

"ನೀವೇ ಇಟ್ರಾ?"

"ನಾನೇ ಇಟ್ಟೆ. ಕೈಯ ಹತ್ರಾನೇ."

"ಹಂಗಾದ್ರೆ ಮುಂಚಿನವೂ ತಲುಪಿರ್ತವೆ ಬಿಡಿ."

"ಎಲ್ಲಾ ತಲುಪಿವೆ ಮಾನೊಂಗ್," ಎಂದೆ. ಅವನು ನನಗಿಂತ ದೊಡ್ಡವನು. ಆದರೂ ಅಲ್ಲಿಯವರೆಗೆ ಒಮ್ಮೆಯೂ ಅಣ್ಣ ಎಂದು ಕರೆದಿರಲಿಲ್ಲ. ಕರೆದಿದ್ದು ಸುಳ್ಳಿನ ಜೊತೆಗೆ.

 ಸೆನ್ಯಾಂಗ್ ಸೆರಗಿನಂತೆ ಹೆಗಲ ಮೇಲಿದ್ದ ಬಟ್ಟೆಯಲ್ಲಿ ಕಣ್ಣೊರೆಸಿಕೊಂಡು, ಒಲೆಯಿಂದ ಗೆಣಸು ಹೊರಗೆಳೆದಳು. ಅದರಲ್ಲಿ ದಪ್ಪನೆಯ ಎರಡನ್ನು ಆರಿಸಿ, ಬೂದಿ ಒರೆಸಿ, ಸಿಪ್ಪೆ ಸುಲಿದು, ಎಲೆಯ ಮೇಲಿಟ್ಟು ನನ್ನ ಮುಂದೆ ಸರಿಸಿದಳು. ಬೇಡ ಎಂದೆ. ಅದು ಅವರ ಮಧ್ಯಾಹ್ನದ ಊಟವೆಂದು ನನಗೆ ಕಾಣುತ್ತಿತ್ತು.

"ಬೇಡ ಅನ್ಬೇಡಿ," ಎಂದಳು ಸೆನ್ಯಾಂಗ್. "ನಮ್ ಇಸ್ಯಾಂಗ್‌ಗೆ ಅಷ್ಟು ದೂರ ತಲುಪಿಸಿದೀರಿ. ನಿಮ್ಮನ್ನ ಬರಿಗೈಲಿ ಹೆಂಗೆ ಕಳಿಸಾದು?"

ಇಬ್ಬರೂ ಎದುರಿಗೆ ಕೂತು ನಾನು ತಿನ್ನುವುದನ್ನೇ ನೋಡುತ್ತಿದ್ದರು. ಎರಡೂ ಗೆಣಸನ್ನು ಪೂರ್ತಿ ತಿಂದೆ. ಚೆನ್ನಾಗಿದೆ ಎಂದೂ ಹೇಳಿದೆ.